ಡೆನ್ವರ್‌ನ ಒಣಚಳಿಗೆ ಒಗ್ಗುವ ಗಿಡಗಳು: ಒಂದು ಸ್ಥಳೀಯ ಸಸ್ಯ ನರ್ಸರಿಯ ವಿಮರ್ಶೆ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದ ಉತ್ತರ ಅಂಚಿನಲ್ಲಿ, ಹೊಲಗಳ ನಡುವೆ ಇರುವ ಸಣ್ಣ ನರ್ಸರಿಯೊಂದರಿಂದ 2022ರ ಮೇ ತಿಂಗಳ ಎರಡನೆಯ ವಾರದಲ್ಲಿ ನಾವು 41 ಸಸಿಗಳನ್ನು ಕೊಂಡು ತಂದೆವು. ಮನೆಯ ಮುಂದಿನ ಹುಲ್ಲುಹಾಸನ್ನು ತೆಗೆದು, ಅಲ್ಲಿ ಕೊಲರಾಡೊ ನೆಲದಲ್ಲಿ ತಾನಾಗಿ ಬೆಳೆಯುವ, ನೀರು ಕಡಿಮೆ ಬೇಡುವ ಗಿಡಗಳನ್ನೇ ನೆಡಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಮೂರು ಚಳಿಗಾಲಗಳು ಕಳೆದ ಮೇಲೆ ಎಣಿಸಿದಾಗ 33 ಗಿಡಗಳು ಉಳಿದಿದ್ದವು. ಗಿಡ ಮಾರುವ ಅಂಗಡಿಯ ಗುಣವನ್ನು ಕೊಂಡ ದಿನವೇ ಅಳೆಯಲು ಬರುವುದಿಲ್ಲವಾದ್ದರಿಂದ ಇಷ್ಟು ಕಾಲ ಕಾದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ, ಇಬ್ಬರೇ ಸೇರಿ ನಡೆಸುವ ಆ ಪುಟ್ಟ ಅಂಗಡಿಯ ಹೆಸರನ್ನು ಹಾಕಿಲ್ಲ. ಆದರೆ ಇಲ್ಲಿ ಹೇಳಿರುವುದನ್ನು ಈ ಸೀಮೆಯ ಯಾವ ನರ್ಸರಿಗೆ ಹೋದರೂ ವಿಚಾರಿಸಿ ನೋಡಬಹುದು.

ಈ ಊರಿನ ಹವೆಯನ್ನು ಕುರಿತು ಮೊದಲು ಒಂದೆರಡು ಮಾತು ಅಗತ್ಯ. ಡೆನ್ವರ್‌ನಲ್ಲಿ ಮಳೆ ಮತ್ತು ಹಿಮ ಎರಡನ್ನೂ ನೀರಿನ ಲೆಕ್ಕದಲ್ಲಿ ಕೂಡಿಸಿದರೂ ವರ್ಷಕ್ಕೆ ಸುಮಾರು 370 ಮಿಲಿಮೀಟರ್ ಮಾತ್ರ. ನಾನು ಹುಟ್ಟಿ ಬೆಳೆದ ಚಳ್ಳಕೆರೆ ಸೀಮೆಯನ್ನು ಕರ್ನಾಟಕದಲ್ಲಿ ಬರದ ನಾಡೆಂದೇ ಕರೆಯುತ್ತಾರೆ. ಇಲ್ಲಿಯ ಮಳೆ ಅದಕ್ಕಿಂತಲೂ ಕಡಿಮೆ. ಹೀಗಿದ್ದೂ ಚಳಿಗಾಲದಲ್ಲಿ ಹಿಮ ಬೀಳುವುದನ್ನು ಕಂಡ ಹೊಸಬರು ನೆಲದಲ್ಲಿ ನೀರು ಧಾರಾಳವಾಗಿದೆಯೆಂದು ನಂಬುತ್ತಾರೆ. ಮೊದಲ ವರ್ಷಗಳಲ್ಲಿ ನಾವೂ ಹಾಗೆಯೇ ನಂಬಿದ್ದೆವು. ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರದ ಈ ಊರಿನಲ್ಲಿ ಬಿಸಿಲು ಚುರುಕು, ಗಾಳಿ ಒಣಗಾಳಿ. ಬಿದ್ದ ಹಿಮ ಎರಡು ಮೂರು ದಿನಗಳಲ್ಲಿ ಆರಿಹೋಗಿ, ಮುಂದಿನ ನಾಲ್ಕೈದು ವಾರ ನೆಲ ಬರಿದಾಗಿಯೇ ಉಳಿಯುವುದುಂಟು. ಇಲ್ಲಿ ಎಳೆಯ ಗಿಡಗಳನ್ನು ಕೊಲ್ಲುವುದು ಬಹಳ ಸಲ ಬರಿಯ ಶೀತವಲ್ಲ, ಶೀತದೊಳಗೆ ಅಡಗಿರುವ ಬರ.

ಈ ಮಾತನ್ನು ನನಗೆ ಮೊದಲು ಬಿಡಿಸಿ ಹೇಳಿದವರು ಆ ನರ್ಸರಿಯನ್ನು ನಡೆಸುವ ಹಿರಿಯ ಮಹಿಳೆ. ನಾನು ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿದ್ದೆ. ಅವರು ಅದನ್ನು ನೋಡುವ ಮೊದಲೇ ನಮ್ಮ ಅಂಗಳ ಯಾವ ದಿಕ್ಕಿಗಿದೆ, ಮಣ್ಣು ಒದ್ದೆಯಾದಾಗ ಕೈಗೆ ಅಂಟುತ್ತದೆಯೇ, ಛಾವಣಿಯ ನೀರು ಎಲ್ಲಿ ಬೀಳುತ್ತದೆ, ಚಳಿಗಾಲದಲ್ಲಿ ಊರಿಗೆ ಹೋಗುವುದುಂಟೇ ಎಂದೆಲ್ಲ ಕೇಳಿದರು. ಕೊನೆಯ ಪ್ರಶ್ನೆ ನನಗೆ ಸಂಬಂಧವಿಲ್ಲದ್ದಾಗಿ ಕಂಡಿತು. ನೆಟ್ಟ ಮೊದಲ ಎರಡು ವರ್ಷ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಿಮವಿಲ್ಲದ ಒಣ ದಿನಗಳು ಮುಂದುವರಿದರೆ, ತಾಪಮಾನ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರುವ ಮಧ್ಯಾಹ್ನ ನೋಡಿಕೊಂಡು ತಿಂಗಳಿಗೆ ಒಂದೆರಡು ಬಾರಿ ನೀರುಣಿಸಲೇಬೇಕೆಂದೂ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಈ ವಸಂತದ ಬದಲು ಮುಂದಿನ ವರ್ಷ ನೆಡುವುದೇ ಮೇಲೆಂದೂ ಅವರು ವಿವರಿಸಿದ ಬಳಿಕ ಆ ಪ್ರಶ್ನೆಯ ತೂಕ ತಿಳಿಯಿತು. ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ರೈತರಿಗೂ ಮನೆತೋಟದವರಿಗೂ ಕೊಡುವ ಸಲಹೆಯೂ ಇದೇ. ಬರ ತಡೆಯುವ ಗಿಡವೆಂದರೆ ಬೇರೂರಿದ ಮೇಲೆ ಬರ ತಡೆಯುವ ಗಿಡ. ಈ ಒಂದು ಮಾತನ್ನು ಮಾರುವ ಮೊದಲೇ ಹೇಳುವ ಅಂಗಡಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಇನ್ನು ಗಿಡಗಳ ಆಯ್ಕೆ. ದೊಡ್ಡ ಅಂಗಡಿಗಳಲ್ಲಿ ‘ಕಡಿಮೆ ನೀರು’ ಎಂಬ ಫಲಕದ ಕೆಳಗೆ ಇಟ್ಟಿರುವುದೆಲ್ಲ ಸ್ಥಳೀಯ ಗಿಡವಲ್ಲ. ಇಲ್ಲಿಯ ಬೀದಿಬೀದಿಯಲ್ಲಿ ನೀಲಿಯಾಗಿ ಹೂಬಿಡುವ ರಷ್ಯನ್ ಸೇಜ್ ಮಧ್ಯ ಏಷ್ಯಾದ್ದು. ಮರ್ಟಲ್ ಸ್ಪರ್ಜ್ ಎಂಬ, ಮೈಗೆ ತಗುಲಿದರೆ ಉರಿಯುವ ಹಾಲಿನ ಗಿಡವನ್ನು ಹಿಂದೆ ನೀರು ಬೇಡದ ಅಲಂಕಾರ ಸಸ್ಯವೆಂದು ಇಲ್ಲಿಯ ತೋಟಗಳಿಗೆ ತಂದರು. ಅದು ಬೆಟ್ಟದ ಇಳಿಜಾರುಗಳಿಗೆ ಹರಡಿ ಸ್ಥಳೀಯ ಸಸ್ಯಗಳನ್ನು ಅಡಗಿಸಿದ್ದರಿಂದ, ಇಂದು ರಾಜ್ಯದ ಕಾನೂನು ಅದನ್ನು ಕಂಡಲ್ಲಿ ಕಿತ್ತುಹಾಕಬೇಕಾದ ಕಳೆಗಳ ಪಟ್ಟಿಯಲ್ಲಿ ಇಟ್ಟಿದೆ. ಡೆನ್ವರ್ ಬೊಟಾನಿಕ್ ಗಾರ್ಡನ್ಸ್ ಮತ್ತು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯ ಸೇರಿ ಬೆಳೆಸಿದ ‘ಪ್ಲಾಂಟ್ ಸೆಲೆಕ್ಟ್’ ಎಂಬ ಯೋಜನೆಯ ಚೀಟಿ ಇರುವ ಗಿಡಗಳು ಈ ಹವೆಗೆ ಒಗ್ಗುತ್ತವೆಂಬುದು ನಿಜ, ನಾನೂ ಅವನ್ನು ನಂಬಿ ಕೊಳ್ಳುತ್ತೇನೆ. ಆದರೆ ಆ ಪಟ್ಟಿಯಲ್ಲೂ ದಕ್ಷಿಣ ಆಫ್ರಿಕಾ ಮೂಲದ ಗಿಡಗಳಿವೆ, ಆದ್ದರಿಂದ ಸ್ಥಳೀಯವೇ ಬೇಕೆನ್ನುವವರು ಮೂಲವನ್ನು ಬೇರೆಯಾಗಿ ವಿಚಾರಿಸಬೇಕು. ನಾವು ಹೋದ ನರ್ಸರಿಯಲ್ಲಿ ಪ್ರತಿ ತಟ್ಟೆಯ ಮೇಲೂ ಬೀಜವನ್ನು ಯಾವ ಸೀಮೆಯಿಂದ, ಎಷ್ಟು ಎತ್ತರದ ನೆಲದಿಂದ ಆರಿಸಿದ್ದೆಂದು ಪೆನ್ಸಿಲ್‌ನಲ್ಲಿ ಬರೆದಿತ್ತು. ಇದು ನಾನು ಬೇರೆಲ್ಲೂ ಕಾಣದ ಶ್ರದ್ಧೆ.

ಸಸಿಗಳು ಮಾತ್ರ ನೋಡಲು ಬಡವಾಗಿದ್ದವು. ಎರಡೂವರೆ ಅಂಗುಲದ ಕುಂಡದಲ್ಲಿ ನಾಲ್ಕು ಎಲೆಯ ಪೆನ್‌ಸ್ಟೆಮನ್ ಎಂಬ ಹೂಗಿಡಕ್ಕೆ ಆರು ಡಾಲರ್ ಕೊಡುವಾಗ ನನ್ನ ಪತ್ನಿಗೆ ಸಮಾಧಾನವಾಗಲಿಲ್ಲ, ಏಕೆಂದರೆ ಅದೇ ವಾರ ಬೇರೊಂದು ಕಡೆ ಇಪ್ಪತ್ತು ಡಾಲರಿಗೆ ಹೂ ತುಂಬಿದ ದೊಡ್ಡ ಕುಂಡವನ್ನೇ ನೋಡಿದ್ದಳು. ಗೊಬ್ಬರ ಉಣಿಸಿ ದೊಡ್ಡದು ಮಾಡಿದ ಗಿಡಕ್ಕಿಂತ ಸಣ್ಣ ಸಸಿಯೇ ಈ ಮಣ್ಣಿನಲ್ಲಿ ಬೇಗ ಬೇರಿಳಿಸುತ್ತದೆಂದು ನರ್ಸರಿಯವರು ಹೇಳಿದ್ದು ಎರಡನೆಯ ಬೇಸಿಗೆಯಲ್ಲಿ ನಿಜವಾಯಿತು. ನಾವು ತಂದ ಆರೂ ಪೆನ್‌ಸ್ಟೆಮನ್‌ಗಳು ಈಗ ಪ್ರತಿ ಜೂನ್‌ನಲ್ಲಿ ಮೊಣಕಾಲೆತ್ತರಕ್ಕೆ ನೇರಳೆ ಹೂಗಳ ಕಡ್ಡಿಗಳನ್ನು ಎತ್ತಿ ನಿಲ್ಲುತ್ತವೆ, ದುಂಬಿಗಳು ಆ ಹೂಗಳೊಳಗೆ ಪೂರ್ತಿ ಇಳಿದುಹೋಗುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯದು. ದುಂಬಿಗಳಿಗೂ ಚಿಟ್ಟೆಗಳಿಗೂ ಕೇಡಾಗುವ, ಗಿಡದ ಮೈಯೊಳಗೇ ಉಳಿಯುವ ಕೀಟನಾಶಕಗಳನ್ನು ಬಳಸುತ್ತೀರಾ ಎಂದು ಕೇಳಿದ್ದಕ್ಕೆ ಅವರು ಇಲ್ಲವೆಂದು ಸ್ಪಷ್ಟವಾಗಿ ಉತ್ತರಿಸಿದರು. ಎಲ್ಲ ಕಡೆ ಇಷ್ಟು ನೇರ ಉತ್ತರ ಸಿಗುವುದಿಲ್ಲ.

ನೆಟ್ಟ ವರ್ಷದ ಎರಡು ದಿನಗಳು ಆ ಸಸಿಗಳ ಗಟ್ಟಿತನವನ್ನು ತೋರಿಸಿದವು. ನೆಟ್ಟು ಒಂದೇ ವಾರವಾಗಿತ್ತು. ಬೆವರು ಸುರಿಸುವ ಸೆಖೆಯ ಮರುದಿನವೇ, ಮೇ 20ರ ರಾತ್ರಿ, ಹಿಮ ಸುರಿದು ಮರಗಳ ಕೊಂಬೆಗಳೇ ಮುರಿದವು. ಬೆಳಿಗ್ಗೆ ಹಿಮವನ್ನು ಕೈಯಿಂದ ಸರಿಸಿ ನೋಡಿದಾಗ ಒಂದು ಸಸಿಯೂ ಸುಟ್ಟಿರಲಿಲ್ಲ, ಏಕೆಂದರೆ ನರ್ಸರಿಯವರು ಅವನ್ನು ಗಾಜಿನ ಮನೆಯೊಳಗೆ ಮುದ್ದಿನಿಂದ ಸಾಕದೆ ಏಪ್ರಿಲ್‌ನಿಂದಲೇ ಹೊರಗಿಟ್ಟು ಹದಗೊಳಿಸಿದ್ದರು. ಡಿಸೆಂಬರ್ 21ರಂದು ಇನ್ನೂ ದೊಡ್ಡ ಪರೀಕ್ಷೆ ಬಂತು. ಒಂದೇ ಗಂಟೆಯಲ್ಲಿ ತಾಪಮಾನ 37 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಕುಸಿದು, ಮರುದಿನ ಬೆಳಗಿನ ಹೊತ್ತಿಗೆ ಸೊನ್ನೆಗಿಂತ 24 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಅಂದರೆ ಸೆಲ್ಸಿಯಸ್‌ನಲ್ಲಿ ಮೈನಸ್ 31ಕ್ಕೆ, ಇಳಿಯಿತು. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ, ಗಿಡ ಆರಿಸಲು ಬಳಸುವ ಶೀತವಲಯಗಳ ನಕ್ಷೆ ಆಯಾ ಊರಿನ ವರ್ಷದ ಅತಿ ಕಡಿಮೆ ತಾಪಮಾನಗಳ ಸರಾಸರಿಯನ್ನು ತಿಳಿಸುತ್ತದೆಯೇ ಹೊರತು, ಇಂಥ ಹಠಾತ್ ಕುಸಿತವನ್ನಾಗಲೀ ಒಣಗಾಳಿಯನ್ನಾಗಲೀ ಹೇಳುವುದಿಲ್ಲ. ವಲಯದ ಸಂಖ್ಯೆಯೊಂದನ್ನೇ ನೋಡಿ, ಮಳೆ ಹೆಚ್ಚಿರುವ ಪೂರ್ವದ ರಾಜ್ಯಗಳಿಂದ ಗಿಡ ತರಿಸಿದವರು ಸೋಲುವುದು ಇದೇ ಕಾರಣಕ್ಕೆ. ಬ್ಲೂ ಗ್ರಾಮಾ ಹುಲ್ಲು, ಗೆಲಾರ್ಡಿಯಾ, ಮಿಲ್ಕ್‌ವೀಡ್ ಇವುಗಳಲ್ಲಿ ಆ ರಾತ್ರಿಗೆ ಒಂದೂ ಸಾಯಲಿಲ್ಲ.

ಗೆಲಾರ್ಡಿಯಾ ಎಂದರೆ ನಮ್ಮ ಹೂವಿನ ಮಾರುಕಟ್ಟೆಗಳಲ್ಲಿ ಸಿಗುವ ಕೆಂಪು-ಹಳದಿ ಹೂವಿನ ಹತ್ತಿರದ ನಂಟೇ. ಊರಿನಿಂದ ಬಂದಿದ್ದ ನಮ್ಮಮ್ಮ ಇದನ್ನು ಕಂಡೊಡನೆ ಗುರುತಿಸಿ, ಇದು ಇಲ್ಲಿಯದೇ ಹೂವೆಂದಾಗ ಬಹಳ ಸಂತೋಷಪಟ್ಟರು. ಮಿಲ್ಕ್‌ವೀಡ್ ನಮ್ಮ ಎಕ್ಕದ ಕುಲದ್ದು. ಎಲೆ ಮುರಿದರೆ ಹಾಗೆಯೇ ಹಾಲು ಬರುತ್ತದೆ, ಕಾಯಿ ಬಿರಿದರೆ ಹಾಗೆಯೇ ರೇಷ್ಮೆಯಂಥ ಅರಳೆ ಹಾರುತ್ತದೆ. ನಮ್ಮಲ್ಲಿ ಎಕ್ಕದ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆ ಮೊಟ್ಟೆಯಿಡುವಂತೆ, ಇಲ್ಲಿ ಅದರ ಬಂಧುವಾದ ಮೊನಾರ್ಕ್ ಚಿಟ್ಟೆ ಮಿಲ್ಕ್‌ವೀಡ್‌ನ ಮೇಲೆ ಮಾತ್ರ ಮೊಟ್ಟೆಯಿಡುತ್ತದೆ. ಹೊಸ ನೆಲದಲ್ಲಿ ಪರಿಚಿತ ಕುಲವೊಂದನ್ನು ಕಂಡದ್ದು ನನಗೆ ಈ ತೋಟದಿಂದ ಸಿಕ್ಕ ದೊಡ್ಡ ಲಾಭ.

ಸತ್ತ ಎಂಟು ಗಿಡಗಳ ಲೆಕ್ಕವನ್ನೂ ಕೊಡಬೇಕು. ಮೂರು ಕೊಲಂಬೈನ್‌ಗಳು ಮೊದಲ ಜುಲೈಯಲ್ಲೇ ಹೋದವು. ಅದು ಕೊಲರಾಡೊದ ರಾಜ್ಯಪುಷ್ಪ, 1899ರಿಂದ ಆ ಗೌರವ ಪಡೆದಿರುವ ನಿಜವಾದ ಸ್ಥಳೀಯ ಹೂವು. ಆದರೆ ಬೆಟ್ಟದ ತಂಪಿನಲ್ಲಿ, ಮರಗಳ ನೆರಳಿನಲ್ಲಿ ಬೆಳೆಯುವಂಥದ್ದು. ಅದನ್ನು ಬಿಸಿಲಿನ ಗಿಡಗಳ ಮೇಜಿನ ಮೇಲೆ ಇಟ್ಟದ್ದು ನರ್ಸರಿಯ ತಪ್ಪು. ಸ್ಥಳೀಯವೆಂಬುದೂ ಬರ ತಡೆಯುವುದೆಂಬುದೂ ಬೇರೆ ಬೇರೆ ಗುಣಗಳೆಂದು ನಮಗೆ ತಿಳಿಹೇಳಿದವರೇ ಮೇಜಿನ ಮೇಲೆ ಅವನ್ನು ಬೆರೆಸಿದ್ದರು. ಸಲ್ಫರ್ ಬಕ್‌ವೀಟ್ ಎಂಬ ಕಾಡುಹೂವಿನ ಮೂರು ಗಿಡಗಳು ಜೇಡಿಮಣ್ಣಿನಲ್ಲಿ ಬೇರು ಕೊಳೆತು ಸತ್ತವು. ನಮ್ಮ ಅಂಗಳದ ಮಣ್ಣು ಊರಿನ ಎರೆಭೂಮಿಯಂತೆ ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ನೀರನ್ನು ಬಿಡುವುದೇ ಇಲ್ಲ. ಆ ಗಿಡಕ್ಕೋ ಗರಸಿನ ಇಳಿಜಾರು ಬೇಕು. ಮಣ್ಣಿನ ಬಗ್ಗೆ ಕೇಳಿ ತಿಳಿದುಕೊಂಡ ಮೇಲೂ ಅದನ್ನು ಮಾರಬಾರದಿತ್ತು.

ರ‍್ಯಾಬಿಟ್‌ಬ್ರಷ್ ಎಂಬ ಪೊದೆಗಿಡವೊಂದು ಸತ್ತದ್ದು ನಾನು ಕಲಿಯಬೇಕಾದ ಪಾಠವಾಗಿತ್ತು. ನಮ್ಮಲ್ಲಿ ಕೋಕೊಪೀಟ್ ಬಳಸುವಂತೆ ಇಲ್ಲಿ ಕುಂಡಗಳಿಗೆ ಪೀಟ್, ಅಂದರೆ ಜೌಗುನೆಲದಲ್ಲಿ ಕೊಳೆತ ಪಾಚಿಯ ಪುಡಿ, ತುಂಬುತ್ತಾರೆ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ ಸುತ್ತಲಿನ ಮಣ್ಣು ಹಸಿಯಾಗಿದ್ದರೂ ಬೇರುಮುದ್ದೆ ಒಣಗಿಯೇ ಇರುತ್ತದೆ. ನೆಡುವ ಮೊದಲು ಅದನ್ನು ಉದುರಿಸಿ, ಬೇರುಗಳು ನೆಲದ ಮಣ್ಣನ್ನೇ ಮುಟ್ಟುವಂತೆ ಬಿಡಿಸಿ ಇಡಬೇಕು. ಎಂಟನೆಯದಾದ ಪ್ರೇರಿ ಜಿನ್ನಿಯಾವನ್ನು ಸತ್ತಿತೆಂದು ತಿಳಿದು ಏಪ್ರಿಲ್‌ನಲ್ಲಿ ನಾನೇ ಅಗೆದುಬಿಟ್ಟೆ. ಅಗೆದ ಮೇಲೆ ಬೇರಿನಲ್ಲಿ ಜೀವ ಕಂಡಿತು, ಆದರೆ ಮತ್ತೆ ಹತ್ತಲಿಲ್ಲ. ಆ ಗಿಡ ಮೇ ತಿಂಗಳು ಬಹಳ ಮುಂದುವರಿಯುವವರೆಗೆ ಚಿಗುರುವುದೇ ಇಲ್ಲವಂತೆ. ಚೀಟಿಯಲ್ಲಿ ಆ ಒಂದು ಸಾಲಿದ್ದರೆ ಗಿಡ ಉಳಿಯುತ್ತಿತ್ತು. ಬೀಜದ ಮೂಲವನ್ನು ಅಷ್ಟು ಅಕ್ಕರೆಯಿಂದ ಬರೆಯುವವರು ಚಿಗುರುವ ಕಾಲ, ನೆರಳು-ಬಿಸಿಲು, ಮಣ್ಣಿನ ಬಗೆ ಈ ಮೂರನ್ನೂ ಬರೆಯಬೇಕೆಂದು ನಾನು ಅವರಿಗೆ ಪತ್ರ ಬರೆದೆ. ಈ ವರ್ಷದ ಚೀಟಿಗಳಲ್ಲಿ ಮೊದಲ ಎರಡು ಸೇರಿರುವುದನ್ನು ಕಂಡೆ.

ಹುಲ್ಲುಹಾಸು ತೆಗೆದದ್ದಕ್ಕೆ ನಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ ಆಕ್ಷೇಪಣೆಯ ಪತ್ರ ಬಂದಿತ್ತು. ಕಡಿಮೆ ನೀರಿನ ತೋಟವನ್ನು ಇಂಥ ಸಂಘಗಳು ಪೂರ್ತಿ ನಿಷೇಧಿಸದಂತೆ ರಾಜ್ಯದಲ್ಲಿ ಕಾನೂನಿದ್ದು, 2023ರಲ್ಲಿ ಅದನ್ನು ಇನ್ನೂ ಬಲಪಡಿಸಿದ್ದಾರೆ. ಅದನ್ನು ಉಲ್ಲೇಖಿಸಿ ಉತ್ತರ ಬರೆದ ಮೇಲೆ ವಿಷಯ ಮುಗಿಯಿತು. ಇಂಥ ಕಡಿಮೆ ನೀರಿನ ತೋಟಗಾರಿಕೆಗೆ ಹೇಳುವ ‘ಝೆರಿಸ್ಕೇಪ್’ ಎಂಬ ಪದವನ್ನು 1981ರಲ್ಲಿ ಹುಟ್ಟುಹಾಕಿದ್ದೇ ಈ ನಗರದ ನೀರು ಪೂರೈಕೆ ಸಂಸ್ಥೆಯಾದ ಡೆನ್ವರ್ ವಾಟರ್.

ಬೆಲೆ, ನಡವಳಿಕೆ, ತಿಳಿವಳಿಕೆ ಎಲ್ಲವನ್ನೂ ನೋಡಿ ಈ ನರ್ಸರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ; ಕಳೆದ ಒಂದು ಅಂಕ ಕೊಲಂಬೈನ್ ಮತ್ತು ಬಕ್‌ವೀಟ್‌ಗಳದ್ದು. ವಾರಕ್ಕೆ ಮೂರು ದಿನ ಮಾತ್ರ ತೆರೆದಿರುತ್ತದೆ, ಒಳ್ಳೆಯ ಗಿಡಗಳು ಮೇ ಮುಗಿಯುವುದರೊಳಗೆ ಖಾಲಿಯಾಗುತ್ತವೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರು ಎರಡನೆಯ ಬಾರಿ ಸಸಿಗಳನ್ನು ಹೊರತರುತ್ತಾರೆ. ಬಿಸಿಲು ಇಳಿದು ನೆಲ ಇನ್ನೂ ಬೆಚ್ಚಗಿರುವ ಆ ಹೊತ್ತು ನೆಡುವುದಕ್ಕೆ ವಸಂತದಷ್ಟೇ ಒಳ್ಳೆಯದು. ಸತ್ತ ರ‍್ಯಾಬಿಟ್‌ಬ್ರಷ್‌ನ ಜಾಗಕ್ಕೆ ಇನ್ನೊಂದನ್ನು ಹೇಳಿಟ್ಟಿದ್ದೇನೆ. ಉಳಿದ ಎರಡು ಗಿಡಗಳು ಕಳೆದ ಶರತ್ಕಾಲದಲ್ಲಿ, ಅಂಗಳದಲ್ಲಿ ಬೇರಾವ ಹೂವೂ ಇಲ್ಲದ ಹೊತ್ತಿನಲ್ಲಿ, ಹಳದಿಯಾಗಿ ಅರಳಿ ನಿಂತು, ಕೊನೆಯ ಜೇನುಹುಳುಗಳನ್ನೆಲ್ಲ ತಮ್ಮ ಬಳಿಗೆ ಕರೆದುಕೊಂಡಿದ್ದವು.