ಅಂಗಡಿ ಉಬುಂಟುಗೆ ಆಟೋ ಅಪ್‌ಡೇಟ್: ಕ್ರಾನ್ ಬಿಟ್ಟೆ, ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಿಡಿದೆ

ನಮ್ಮದು ಚಿಕ್ಕಬಳ್ಳಾಪುರದಲ್ಲಿ ಚಿಕ್ಕ ಜೆರಾಕ್ಸ್, ಡಿಟಿಪಿ ಅಂಗಡಿ. ಕಂಪ್ಯೂಟರ್‌ಗಳೆಲ್ಲ ಉಬುಂಟು, ಅಂದರೆ ಲಿನಕ್ಸ್‌ನ ಒಂದು ಬಗೆ. ಅಪ್‌ಡೇಟ್ ತಾನಾಗಿಯೇ ಆಗೋಕೆ ಮೂರು ದಾರಿ ನೋಡಿದೆ. ಉಬುಂಟುವಿನ ಆಟೋ ಅಪ್‌ಡೇಟ್ ಸಾಧನವಾದ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್‌ನಷ್ಟು ನೆಮ್ಮದಿ ಬೇರೆ ಯಾವುದೂ ಕೊಡಲಿಲ್ಲ.

ಮೊದಲು ಇದ್ದದ್ದು ಕ್ರಾನ್, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸಾಧನ. ಒಂದು ಸಾಲು ಬರೆದರೆ ಮುಗೀತು, ಎಲ್ಲದಕ್ಕೂ ‘ಎಸ್’ (yes) ಅಂದುಕೊಂಡು, ಸಾಫ್ಟ್‌ವೇರ್ ಹಾಕುವ ಎಪಿಟಿ ಓಡುತ್ತೆ. ಆದರೆ ರಾತ್ರಿ ಎರಡಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಆ ಹೊತ್ತಿಗೆ ಅಂಗಡಿಯ ಮೇನ್ ಸ್ವಿಚ್ಚೇ ಆಫ್, ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ಮಾಡಲ್ಲ. ಹಾಗಾಗಿ ಹಗಲಿಗೆ ಬದಲಾಯಿಸಿದೆ.

ನಿಜವಾದ ತಲೆನೋವು ಆಗ ಶುರುವಾಯಿತು. ಪ್ರಿಂಟರ್ ಸಲುವಾಗಿ ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಹುಡುಕುವ ಕಪ್ಸ್-ಬ್ರೌಸ್ಡ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದೆರಡು ಸಾಲು ಬದಲಿಸಿದ್ದೆ. ಹೊಸ ಪ್ಯಾಕೇಜ್ (ಸಾಫ್ಟ್‌ವೇರ್‌ನ ಕಟ್ಟು) ಬೇರೆ ಫೈಲ್ ತಂದಾಗ, ಎಪಿಟಿಯ ಕೆಳಗೆ ಕೂತು ಪ್ಯಾಕೇಜ್ ಹಾಕುವ ಡಿಪಿಕೆಜಿ ಕೇಳುತ್ತೆ: ನಿನ್ನದು ಇರಲಾ, ಹೊಸದು ಹಾಕಲಾ? ಆ ‘ಎಸ್’ ಈ ಪ್ರಶ್ನೆಗೆ ಉತ್ತರ ಅಲ್ಲ. ಕ್ರಾನ್ ಓಡುವಾಗ ಉತ್ತರ ಕೊಡೋಕೆ ಎದುರಿಗೆ ಯಾರೂ ಇರಲ್ಲ ಅಲ್ವಾ? ಎರರ್ ಕೊಟ್ಟು ಪ್ಯಾಕೇಜನ್ನು ಅರ್ಧಕ್ಕೇ ಬಿಟ್ಟಿತು. ಪ್ರಿಂಟರ್ ಕಾಣೆ. ಹೊರಗೆ ದ್ರಾಕ್ಷಿ, ಹೂವಿನ ರೈತರು ಪಹಣಿ ಪ್ರಿಂಟಿಗೆ ಕಾಯುತ್ತಿದ್ದರು. ಡಿಪಿಕೆಜಿಗೆ ಮತ್ತೆ ಕಾನ್ಫಿಗರ್ ಮಾಡಲು ಹೇಳಿ, ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಪೇಪರ್ ಹೊರಗೆ ಬಂದದ್ದು.

ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಇಂಥ ಪ್ಯಾಕೇಜನ್ನು ಮೊದಲೇ ಗುರುತಿಸಿ ಪಕ್ಕಕ್ಕಿಡುತ್ತೆ, ಕೈಯಾರೆ ಮಾಡಿ ಅಂತ ಲಾಗ್‌ನಲ್ಲಿ (ದಾಖಲೆ ಫೈಲಿನಲ್ಲಿ) ಬರೆಯುತ್ತೆ. ಉಳಿದವು ಸಲೀಸಾಗಿ ಮುಗಿಯುತ್ತವೆ. ಟೈಮರ್ ಇರುವುದು ಬೆಳಗ್ಗೆ ಆರರ ನಂತರಕ್ಕೆ. ಆಗ ಮೆಷಿನ್ ಆಫ್ ಇದ್ದರೆ, ಆನ್ ಮಾಡಿದ ಮೇಲೆ ಓಡುತ್ತೆ. ಮೊಬೈಲ್ ಹಾಟ್‌ಸ್ಪಾಟನ್ನು ಮೀಟರ್ಡ್ (ಡೇಟಾ ಮಿತಿ ಇರುವ ಸಂಪರ್ಕ) ಅಂತ ಗುರುತು ಮಾಡಿದ್ದರೆ ಡೇಟಾ ಮುಟ್ಟಲ್ಲ. ತಿಂಗಳ ರೀಚಾರ್ಜ್ ಲೆಕ್ಕ ಹಾಕುವ ನನಗೆ ಇದು ದೊಡ್ಡದು.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಫೆಡೋರಾ (ಇನ್ನೊಂದು ಬಗೆಯ ಲಿನಕ್ಸ್), ಅದಕ್ಕೆ ಮೂರನೆಯ ದಾರಿಯಾದ ಡಿಎನ್‌ಎಫ್-ಆಟೋಮ್ಯಾಟಿಕ್. ಚೆನ್ನಾಗಿದೆ. ಆದರೆ ಮೂಲ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಡೌನ್‌ಲೋಡ್ ಮಾತ್ರ ಮಾಡುತ್ತೆ. ಇನ್‌ಸ್ಟಾಲ್ ಕೂಡ ಆಗಬೇಕಾದರೆ ‘ಅಪ್ಲೈ ಅಪ್‌ಡೇಟ್ಸ್’ಗೆ ‘ಎಸ್’ ಅಂತ ಬರೆಯಬೇಕು. ಫೆಡೋರಾದ ಒಂದು ಆವೃತ್ತಿಗೆ ಸುಮಾರು 13 ತಿಂಗಳು ಆಯುಸ್ಸು, ಉಬುಂಟುವಿನ ದೀರ್ಘಾವಧಿ ಆವೃತ್ತಿಯಾದ ಎಲ್‌ಟಿಎಸ್‌ಗೆ 5 ವರ್ಷ. ಅಂಗಡಿಗೆ ಎರಡನೆಯದೇ ಸರಿ.

ಆಟೋ ಅಪ್‌ಡೇಟೇ ಬೇಡ ಅನ್ನುವವರಿಗೆ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಇದೇ ಕಪ್ಸ್-ಬ್ರೌಸ್ಡ್‌ನಲ್ಲಿ ಗಂಭೀರ ತೂತು ಹೊರಬಿತ್ತು. ಪ್ರಿಂಟರೇ ಜೀವನ ಆಗಿರುವ ನಮ್ಮಂಥವರು ಸೆಕ್ಯುರಿಟಿ ಅಪ್‌ಡೇಟ್ ನಿಲ್ಲಿಸಬಾರದು. ಹಾಗಾಗಿ ಪಕ್ಕಕ್ಕಿಟ್ಟ ಪ್ಯಾಕೇಜ್ ಏನಾದರೂ ಇದೆಯಾ ಅಂತ ಪ್ರತಿ ಸೋಮವಾರ ಲಾಗ್ ನೋಡುತ್ತೇನೆ. ಆಟೋ ರೀಬೂಟ್ ಆನ್ ಮಾಡಿಲ್ಲ. ಹೇಗೂ ದಿನಾ ರಾತ್ರಿ ಮೆಷಿನ್ ಆಫ್ ಮಾಡುತ್ತೇವೆ, ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಮರುದಿನ ತಾನೇ ಬರುತ್ತೆ.