ಬಜಪೆಯಷ್ಟೇ ಉದ್ದದ ರನ್‌ವೇ, 34 ಡಿಗ್ರಿ ಬಿಸಿಲು: ಒನ್-ಇಲೆವೆನ್, ಕ್ಯಾರವೆಲ್, 737-200

ದೀಪಾವಳಿ ಸೇಲ್‌ನಲ್ಲಿ 2,400 ರೂಪಾಯಿ ಕೊಟ್ಟು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಆಟಕ್ಕೆ ಬಿಎಸಿ ಒನ್-ಇಲೆವೆನ್ 500 ಅನ್ನುವ ಹಳೇ ಬ್ರಿಟಿಷ್ ಜೆಟ್ಟಿನ ಮಾದರಿ ತಗೊಂಡೆ. ಎರಡು ತಿಂಗಳು ಒದ್ದಾಡಿ, ಕೊನೆಗೆ ಮತ್ತೆ ದುಡ್ಡು ಹಾಕಿ ಬೋಯಿಂಗ್ 737-200 ತಗೊಂಡೆ. ಮೊದಲೇ ಅದನ್ನೇ ತಗೊಂಡಿದ್ದರೆ 2,400 ಉಳಿಯುತ್ತಿತ್ತು. ಹಾಗಾಗಿ ಇದು ಪಕ್ಷಪಾತವಿಲ್ಲದ ಹೋಲಿಕೆ ಅಂತ ಓದಬೇಡಿ. ನನ್ನ ವೋಟು 737ಕ್ಕೆ, ಯಾಕೆ ಅಂತ ಹೇಳಲಿಕ್ಕೆ ಇಷ್ಟು ಬರೆಯುತ್ತಿದ್ದೇನೆ.

ನನಗೆ ಹುಚ್ಚಿರುವುದು ಅರವತ್ತು-ಎಪ್ಪತ್ತರ ದಶಕದ ಪ್ಯಾಕೇಜ್ ಟೂರ್ ವಿಮಾನಗಳದ್ದು. ಇಂಗ್ಲೆಂಡ್, ಡೆನ್ಮಾರ್ಕ್ ಕಡೆಯ ಜನರನ್ನು ಚಳಿಯಿಂದ ಎತ್ತಿ ಮೆಡಿಟರೇನಿಯನ್ ಬಿಸಿಲಿಗೆ ಹಾಕುತ್ತಿದ್ದ ಚಾರ್ಟರ್ ಜೆಟ್‌ಗಳು, ಅಂದರೆ ಟೂರ್ ಕಂಪನಿಗಳು ಇಡಿಯಾಗಿ ಬಾಡಿಗೆಗೆ ಹಿಡಿಯುತ್ತಿದ್ದ ವಿಮಾನಗಳು. ಮನೆಯಿಂದ ಹೊರಡುವಾಗ ತಂಪು ಗಾಳಿ, ಸಾಕಷ್ಟು ರನ್‌ವೇ. ವಾಪಸ್ ಹೊರಡುವಾಗ ಪುಟ್ಟ ದ್ವೀಪ, ಬಿಸಿಲು, ತುದಿಯಲ್ಲಿ ಸಮುದ್ರ. ಮಜಾ ಇರುವುದೇ ಈ ವಾಪಸ್ ಪ್ರಯಾಣದಲ್ಲಿ.

ಪರೀಕ್ಷೆಗೆ ಮೂರು ಜಾಗ ಇಟ್ಟುಕೊಂಡೆ. ಗ್ರೀಸಿನ ಸ್ಕಿಯಾಥೋಸ್, 1,628 ಮೀಟರ್. ಪೋರ್ಚುಗಲ್ಲಿನ ಮಡೈರಾ ದ್ವೀಪದ ಫುಂಚಾಲ್, 1964ರಲ್ಲಿ ತೆರೆದಾಗ ಇದ್ದ ಹಾಗೆ, 1,600 ಮೀಟರ್. ಮೂರನೆಯದು ನಮ್ಮ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದ ಹಳೇ ರನ್‌ವೇ, 1,615 ಮೀಟರ್. ಬಜಪೆಗೂ ಚಾರ್ಟರ್ ವಿಮಾನಕ್ಕೂ ಸಂಬಂಧ ಇಲ್ಲ, ಗೊತ್ತು. ಆದರೆ ಸ್ಕಿಯಾಥೋಸ್ ಬಜಪೆಗಿಂತ ಹದಿಮೂರೇ ಮೀಟರ್ ಉದ್ದ ಅಂತ ಗೊತ್ತಾದ ಮೇಲೆ ಬಿಡಲಿಕ್ಕೆ ಮನಸ್ಸಾಗುತ್ತದಾ ಮಾರಾಯ್ರೆ? ಬೇಲಿ ಹಿಡಿದು ನಿಂತು ವಿಮಾನ ನೋಡಿ ಬೆಳೆದವ ನಾನು. ಎಲ್ಲ ಕಡೆ 34 ಡಿಗ್ರಿ, ಗಾಳಿ ಇಲ್ಲ, ಸೀಟು ಭರ್ತಿ. ಅಷ್ಟು ಬಿಸಿಯಲ್ಲಿ ಸಮುದ್ರ ಮಟ್ಟದ ಗಾಳಿಯೂ ಎಷ್ಟು ತೆಳುವಾಗುತ್ತದೆ ಅಂದರೆ, ವಿಮಾನವನ್ನು ಹುಬ್ಬಳ್ಳಿ ಎತ್ತರಕ್ಕೆ ಒಯ್ದು ನಿಲ್ಲಿಸಿದ ಹಾಗೆ. ರೆಕ್ಕೆಗೂ ನಷ್ಟ, ಎಂಜಿನ್ನಿಗೂ ನಷ್ಟ.

ಈಗ ಒನ್-ಇಲೆವೆನ್ನಿನ ಕಥೆ. ನೋಡಲಿಕ್ಕೆ ಇದರಷ್ಟು ಚಂದದ ವಿಮಾನ ಇಲ್ಲ. ಲಂಡನ್ ಹತ್ತಿರದ ಲ್ಯೂಟನ್ನಿನ ಕೋರ್ಟ್ ಲೈನ್ ಅನ್ನುವ ಚಾರ್ಟರ್ ಕಂಪನಿ ಇವಕ್ಕೆ ಗುಲಾಬಿ, ಕಿತ್ತಳೆ, ನೇರಳೆ ಅಂತ ಐಸ್‌ಕ್ಯಾಂಡಿ ಬಣ್ಣ ಬಳಿದಿತ್ತು. ನಾನು ಮರುಳಾದದ್ದೂ ಆ ಗುಲಾಬಿ ಬಣ್ಣಕ್ಕೇ. ತೊಂದರೆ ಇರುವುದು ನೀರಿನಲ್ಲಿ. 500ನೇ ಸರಣಿ ಉದ್ದವಾಯಿತು, 119 ಸೀಟು ಬಂತು, ಆದರೆ ಬಿಸಿಲಿನಲ್ಲಿ ಅದರ ಸ್ಪೇ ಹೆಸರಿನ ಎಂಜಿನ್ನಿಗೆ ಅಷ್ಟನ್ನು ಎತ್ತುವ ಶಕ್ತಿ ಸಾಲದು. ಅದಕ್ಕೆ ಟೇಕಾಫ್ ಹೊತ್ತಿಗೆ ಎಂಜಿನ್ ಒಳಗೆ ಶುದ್ಧ ನೀರು ಚಿಮ್ಮಿಸುವ ವ್ಯವಸ್ಥೆ ಕೊಟ್ಟರು. ನೀರು ಒಳಗಿನ ಬಿಸಿ ಇಳಿಸುತ್ತದೆ, ಹಾಗಾಗಿ ಇನ್ನಷ್ಟು ಇಂಧನ ಸುಡಬಹುದು, ಬಿಸಿಲು ತಿಂದ ಶಕ್ತಿ ವಾಪಸ್ ಬರುತ್ತದೆ. ಹಿಂದೆ ಕರಿ ಹೊಗೆ, ಕಿವಿ ಹರಿಯುವ ಸದ್ದು. ಕೇಳಲಿಕ್ಕೆ ಭಾರಿ ಚಂದ.

ನಾನು ತಗೊಂಡ ಮಾದರಿಯಲ್ಲಿ ಈ ನೀರು ತಾನಾಗಿ ತುಂಬುವುದಿಲ್ಲ. ಕಾಕ್‌ಪಿಟ್ಟಿನ ಟ್ಯಾಬ್ಲೆಟ್ ತೆರೆದು, ಅದರಲ್ಲಿ ನಿರ್ವಹಣೆ ಪುಟಕ್ಕೆ ಹೋಗಿ, ಮೂರನೇ ಉಪಪುಟದಲ್ಲಿ ತುಂಬಿಸಬೇಕು. ಅದೂ ಎರಡೂ ಎಂಜಿನ್ ಆಫ್ ಇದ್ದಾಗ ಮಾತ್ರ. ಇಂಧನ, ಪ್ರಯಾಣಿಕರು, ಲಗೇಜು ಎಲ್ಲ ಮೊದಲ ಪುಟದಲ್ಲಿ ಒಂದೇ ಗುಂಡಿಗೆ ಬರುತ್ತದೆ, ನೀರು ಬರುವುದಿಲ್ಲ. ಇನ್ನೂ ದೊಡ್ಡದು ಕೇಳಿ: ಆಟ ಸೇವ್ ಮಾಡಿ ಮಾರನೇ ದಿನ ತೆರೆದರೆ ಎಲ್ಲ ಇಟ್ಟಲ್ಲೇ ಇರುತ್ತದೆ, ನೀರಿನ ಟ್ಯಾಂಕ್ ಮಾತ್ರ ಖಾಲಿ.

ನನ್ನ ಹಾರಾಟ ನಡೆಯುವುದು ರಾತ್ರಿ ಹತ್ತೂವರೆಯಿಂದ ಹನ್ನೆರಡು, ಮಗಳು ಮಲಗಿದ ಮೇಲೆ. ಒಂದು ರಾತ್ರಿ ಹೋಗುವುದು, ಇನ್ನೊಂದು ರಾತ್ರಿ ಬರುವುದು. ಅಂದರೆ ಪ್ರತಿ ಸಲವೂ ಸೇವ್. ಮೊದಲ ಸಲ ಸ್ಕಿಯಾಥೋಸಿನಲ್ಲಿ ಎಂಜಿನ್ ಚಾಲೂ ಮಾಡಿ, ರೆಕ್ಕೆಯ ಹಿಂದಿನ ಹಲಗೆ, ಅಂದರೆ ಫ್ಲಾಪ್, 18 ಡಿಗ್ರಿಗೆ ಇಳಿಸಿ, ನೀರಿನ ಸ್ವಿಚ್ ಹಾಕಿ, ಬ್ರೇಕ್ ಬಿಟ್ಟೆ. ಸ್ವಿಚ್ ಹಾಕಿದ್ದೇನೆ ಅನ್ನುವ ಧೈರ್ಯದಲ್ಲಿ ಅದರ ಪಕ್ಕದ ಚಿಕ್ಕ ದೀಪ ಹತ್ತಿಲ್ಲ ಅಂತ ನೋಡಲೇ ಇಲ್ಲ. ಅರ್ಧ ರನ್‌ವೇ ಮುಗಿದಾಗ ವೇಗದ ಮುಳ್ಳು ಸೋಮಾರಿ ಎತ್ತಿನ ಹಾಗೆ ತೆವಳುತ್ತಿತ್ತು. ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ನಿಲ್ಲಿಸಬಹುದಾದ ವೇಗ ದಾಟಿತ್ತು, ಏಳುವ ವೇಗ ಇನ್ನೂ ಬಂದಿರಲಿಲ್ಲ. 119 ಜನರ ಸಮೇತ ಬೇಲಿ, ರಸ್ತೆ, ಸಮುದ್ರ. ಹೆಂಡತಿ ಒಳಗಿನಿಂದ, "ಎಂತ, ಪುನಃ ಬಿತ್ತಾ?" ಅಂತ ಕೇಳಿದಳು.

ಎರಡನೇ ಸಲವೂ ಮರೆತೆ. ಮೂರನೇ ಸಲ ನೆನಪಾಯಿತು, ಆದರೆ ಎಂಜಿನ್ ಚಾಲೂ ಆಗಿತ್ತು. ಆಫ್ ಮಾಡಿ, ನೀರು ತುಂಬಿಸಿ, ಪುನಃ ಚಾಲೂ ಮಾಡುವಷ್ಟರಲ್ಲಿ ಹನ್ನೊಂದೂಕಾಲು. ನೀರೇ ಬೇಡ ಅಂತ, ನೀರಿಲ್ಲದೆ ಎಷ್ಟು ತೂಕ ಎತ್ತಬಹುದು ಅನ್ನುವ ಪಟ್ಟಿ ನೋಡಿದರೆ, ಹಿಂದಿನ ಎಷ್ಟೋ ಸಾಲು ಖಾಲಿ ಬಿಟ್ಟು ಹೊರಡಬೇಕು. ಈ ಮಾದರಿ ಮಾಡಿದವರಿಗೆ ಬರೆದೆ. "ನಿಜವಾದ ವಿಮಾನದಲ್ಲೂ ನೀರು ಬೇರೆಯಾಗಿಯೇ ತುಂಬಬೇಕಿತ್ತು" ಅಂತ ಉತ್ತರ ಬಂತು. ಸರಿ ಸ್ವಾಮಿ, ನಿಜವಾದ ವಿಮಾನದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಂಬಿದ ನೀರು ಆವಿಯಾಗುತ್ತಿತ್ತಾ?

ಫ್ರಾನ್ಸಿನ ಹಳೇ ಜೆಟ್ ಕ್ಯಾರವೆಲ್ಲನ್ನು ಗೆಳೆಯನ ಕಂಪ್ಯೂಟರಿನಲ್ಲಿ ನಾಲ್ಕು ರಾತ್ರಿ ಹಾರಿಸಿದೆ. ಮೆತ್ತಗಿನ ವಿಮಾನ, ತ್ರಿಕೋನದ ಕಿಟಕಿ, ಮೂತಿ ಬ್ರಿಟಿಷ್ ಜೆಟ್ ಕಾಮೆಟ್‌ನದ್ದೇ. 1964ರಿಂದ ನಮ್ಮ ಇಂಡಿಯನ್ ಏರ್‌ಲೈನ್ಸ್ ಹಾರಿಸಿದ 6-ಎನ್ ಮಾದರಿ ಇದು. ಇಳಿದ ಮೇಲೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ಇಳಿಸುವ ರಿವರ್ಸರ್ ಇದರಲ್ಲಿ ಇಲ್ಲ, ಬದಲಿಗೆ ಬಾಲದಲ್ಲಿ ಪ್ಯಾರಾಶೂಟ್. ಇಳಿದ ಮೇಲೆ ಬಿಚ್ಚಿದರೆ ನಿಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲ ಅದನ್ನು ರನ್‌ವೇಯಿಂದ ಹೆಕ್ಕಿ, ಮಡಚಿ, ಪುನಃ ತುರುಕಬೇಕು. ಹೆಚ್ಚು ವಿಮಾನ ಬರುವ ಪ್ರವಾಸಿ ಊರಿನಲ್ಲಿ ಇದು ಆಗುವ ಕೆಲಸ ಅಲ್ಲ. ಫುಂಚಾಲಿನಲ್ಲಿ ಇದನ್ನು ಕತ್ತಲಲ್ಲಿ ಇಳಿಸಲಿಕ್ಕೆ ಕೈ ಬರಲಿಲ್ಲ. 1977ರ ಡಿಸೆಂಬರ್ 18ರ ರಾತ್ರಿ ಒಂದು ಸ್ವಿಸ್ ಚಾರ್ಟರ್ ಕ್ಯಾರವೆಲ್ ಅಲ್ಲಿಯೇ ಸಮುದ್ರಕ್ಕೆ ಬಿದ್ದಿತ್ತು, 36 ಜನ ಸತ್ತರು. ಅದಕ್ಕೂ ಒಂದು ತಿಂಗಳ ಹಿಂದೆಯಷ್ಟೇ ಅದೇ ರನ್‌ವೇ ಮೀರಿ ಹೋದ ಪೋರ್ಚುಗೀಸ್ ಬೋಯಿಂಗ್ 727ರಲ್ಲಿ 131 ಜನ. ಗೊತ್ತಿದ್ದ ಮೇಲೆ ಆಟ ಅಂದರೂ ಆಟ ಅನ್ನಿಸುವುದಿಲ್ಲ.

ಕಾಮೆಟ್ 4: ನಾಲ್ಕು ಎಂಜಿನ್, ಅಗಲ ರೆಕ್ಕೆ, ಚೆನ್ನಾಗಿಯೇ ಏಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಸ್ಲೈಡ್ ಶೋ ಹಾಗೆ ತಡೆದು ತಡೆದು ಓಡುತ್ತದೆ.

ಇನ್ನು 737-200. 1968ರಲ್ಲಿ ಯುರೋಪಿನಲ್ಲಿ ಇದನ್ನು ಮೊದಲು ತಂದದ್ದು ಒಂದು ಚಾರ್ಟರ್ ಕಂಪನಿಯೇ, ಲ್ಯೂಟನ್ನಿನ ಬ್ರಿಟಾನಿಯಾ. ಮೊದಲ ವಿಮಾನಗಳ ರಿವರ್ಸರ್ 727ರಿಂದ ತಂದದ್ದು, ಕೆಲಸಕ್ಕೆ ಬಾರದ್ದು. ಹೊರಬಂದ ಬಿಸಿಗಾಳಿ ರೆಕ್ಕೆ, ಫ್ಲಾಪ್‌ಗೆ ತಾಗಿ ವಿಮಾನವನ್ನು ನಿಲ್ಲಿಸುವ ಬದಲು ಮೇಲೆತ್ತಲು ನೋಡುತ್ತಿತ್ತು. ಆಮೇಲೆ ಬೋಯಿಂಗ್‌ನವರು ಎಂಜಿನ್ನಿನ ಬಾಲವನ್ನು 48 ಇಂಚು ಉದ್ದ ಮಾಡಿ ಹೊಸ ಬಾಗಿಲು ಕೂರಿಸಿದರು. ನಾನು ಬೇಲಿಯಿಂದ ನೋಡುತ್ತಿದ್ದದ್ದು ಇದನ್ನೇ. ಮುಂಬಯಿ ವಿಮಾನದ ಚಕ್ರ ತಾಗಿದ ಕೂಡಲೇ ಎಂಜಿನ್ನಿನ ಹಿಂದೆ ಎರಡು ಚಿಪ್ಪು, ಬಿಸಿನೀರಿಗೆ ಹಾಕಿದ ಮರುವಾಯಿ (ಕಪ್ಪೆಚಿಪ್ಪು) ಬಾಯಿ ಬಿಡುವ ಹಾಗೆ ಫಟ್ ಅಂತ ತೆರೆದುಕೊಳ್ಳುತ್ತಿತ್ತು. ಆಮೇಲೆ ಆ ಗರ್ಜನೆ. ಈ ಮಾದರಿಯಲ್ಲಿ ಆ ಚಿಪ್ಪು, ಆ ಸದ್ದು, ಎರಡೂ ಹಾಗೆಯೇ ಇವೆ. ಹಳೇ ಬಜಪೆಯಲ್ಲಿ ಮೊದಲ ಸಲ ಇಳಿಸಿದಾಗ, ಖರೆ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು.

ಏಳುವಾಗಲೂ ಇದು ಹಟ ಮಾಡುವುದಿಲ್ಲ. ಎಂಜಿನ್ನಿನಿಂದ ಏಸಿಗೆ ಹೋಗುವ ಗಾಳಿ ಮುಚ್ಚಿ ಹೊರಟರೆ ಅಷ್ಟು ಶಕ್ತಿ ಹೆಚ್ಚು ಸಿಗುತ್ತದೆ. ಹಿಂದೆ 130 ಜನ ಐದು ನಿಮಿಷ ಬೆವರುತ್ತಾರೆ, ಅಷ್ಟೇ. ಸ್ವಿಚ್ ತಲೆ ಮೇಲೆಯೇ ಉಂಟು, ಯಾವ ಉಪಪುಟವೂ ಬೇಡ. ಹಾಗಂತ ಸ್ಕಿಯಾಥೋಸಿನಿಂದ ಲ್ಯೂಟನ್ನಿಗೆ ಟ್ಯಾಂಕ್ ತುಂಬಿಸಿ ಸೀದಾ ಹೋಗುತ್ತೇನೆ ಅಂದರೆ ಇದೂ ಏಳುವುದಿಲ್ಲ. ಸ್ವಲ್ಪ ಇಂಧನ ಹಾಕಿಕೊಂಡು, ಹತ್ತಿರದ ಗ್ರೀಕ್ ಊರು ಥೆಸಲೊನಿಕಿಗೆ ಹಾರಿ, ಅಲ್ಲಿಯ ಉದ್ದದ ರನ್‌ವೇಯಲ್ಲಿ ಟ್ಯಾಂಕ್ ತುಂಬಿಸುತ್ತೇನೆ. ಈಗಲೂ ಆ ದ್ವೀಪದಿಂದ ಹೊರಡುವ ಎಷ್ಟೋ ಜೆಟ್‌ಗಳು ಹೀಗೇ ನಡುವೆ ಇಳಿಯುತ್ತವೆ. ನನಗಂತೂ ಅದೇ ಅನುಕೂಲ. ಅರ್ಧ ಗಂಟೆಯ ಹಾರಾಟ, ಹನ್ನೆರಡರೊಳಗೆ ನಿದ್ದೆ.

ನಿಮ್ಮ ಹತ್ತಿರ ಶನಿವಾರ ಇಡೀ ಖಾಲಿ ಇದ್ದು, ಸೇವ್ ಮಾಡದೆ ಒಂದೇ ಸಲಕ್ಕೆ ಹೋಗಿ ಬರುವವರಾದರೆ ಒನ್-ಇಲೆವೆನ್ ತಗೊಳ್ಳಿ, ಆ ಹೊಗೆಗೇ ಕೊಟ್ಟ ದುಡ್ಡು ಬರುತ್ತದೆ. ಒಂದೇ ವಿಮಾನ ತಗೊಳ್ಳುವುದು ಅಂದರೆ, ನನ್ನ ಹಾಗೆ ರಾತ್ರಿ ಕದ್ದು ಹಾರುವವರಿಗೆ 737-200. ಗುಲಾಬಿ ಒನ್-ಇಲೆವೆನ್ ಅಳಿಸಿಲ್ಲ. ಕೋರ್ಟ್ ಲೈನ್ ಮುಳುಗಿದ್ದು 1974ರ ಆಗಸ್ಟ್ 15ಕ್ಕೆ, ಸಾವಿರಾರು ಪ್ರವಾಸಿಗರನ್ನು ಪರದೇಶದ ಬೀಚಿನಲ್ಲೇ ಬಿಟ್ಟು. ಅವರ ವಿಮಾನವನ್ನು ನಾನು ಈಗ ಜನವರಿಯ ಲ್ಯೂಟನ್ನಿನಿಂದ ಮಾತ್ರ ಹಾರಿಸುತ್ತೇನೆ. ಹೊರಗೆ ಎರಡು ಡಿಗ್ರಿ, ನೀರಿನ ಟ್ಯಾಂಕ್ ಖಾಲಿ, ಯಾರೂ ಕೇಳುವುದಿಲ್ಲ.