ಶಾಲೆ ಕೈತೋಟಕ್ಕೆ ಜೀವಾಮೃತವೋ, ಎರೆಗೊಬ್ಬರವೋ?

ಊರಿನವರೇ ಸೇರಿ ಶಾಲೆ ಹಿಂದೆ ಕೈತೋಟ ಮಾಡುತ್ತಿದ್ದೀರಾ? ಬಿಸಿಯೂಟದ ಸೊಪ್ಪು ಅಲ್ಲೇ ಸಿಗುತ್ತದೆ. ಆದರೆ ಗೊಬ್ಬರದ ಮಾತು ಬಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಎರಡು ಪಕ್ಷ ಆಗುವುದು ಗ್ಯಾರಂಟಿ.

ಜೀವಾಮೃತ ಅಂದರೆ ಸಗಣಿ-ಗಂಜಲದ ದ್ರವಗೊಬ್ಬರ, ಬೇಗ ಆಗುತ್ತದೆ. 20 ಲೀಟರ್ ನೀರಿಗೆ 1 ಕೆಜಿ ನಾಟಿ ಹಸುವಿನ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, ಅಷ್ಟೇ ಕಡಲೆಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಿದರೆ ಎರಡು-ಮೂರು ದಿನದಲ್ಲಿ ಸಿದ್ಧ. ಅಳತೆ, ತೂಕ ಮಕ್ಕಳೇ ಮಾಡಲಿ. ಗಣಿತದ ಪಾಠವೂ ಆಯ್ತು, ಅಲ್ವಾ? ಎಲೆ ಮೇಲೆ ಸುರಿಯಬೇಡಿ, ಬುಡಕ್ಕೆ ಹಾಕಿ. ವಾರದೊಳಗೆ ಬಳಸಿ ಮುಗಿಸಬೇಕು, ಮತ್ತೆ ಮಾಡಬೇಕು. ವಾಸನೆ? ಇದೆ. ಮೂಗು ಮುಚ್ಚಿಕೊಂಡು ನಗುವುದೇ ಮಕ್ಕಳಿಗೆ ಮಜಾ.

ಎರೆಗೊಬ್ಬರಕ್ಕೆ ಎರಡು-ಮೂರು ತಿಂಗಳು ಬೇಕು. ಒಣ ಎಲೆ, ತರಕಾರಿ ಸಿಪ್ಪೆ ಎಲ್ಲ ಅದಕ್ಕೇ. ಆದ ಗೊಬ್ಬರವನ್ನು ಚೀಲದಲ್ಲಿ ಇಡಬಹುದು. ಇರುವೆ ಕಾಟ ಇದ್ದದ್ದೇ. ಜಾಸ್ತಿ ತಲೆನೋವು ಏಪ್ರಿಲ್-ಮೇ ರಜೆಯದ್ದು. ನೀರು ಚಿಮುಕಿಸುವವರಿಲ್ಲದಿದ್ದರೆ ಎರೆಹುಳು ಉಳಿಯುವುದಿಲ್ಲ.

ರಜೆಯಲ್ಲೂ ಬರುವ ಒಬ್ಬರಾದರೂ ಇದ್ದರೆ ಎರೆತೊಟ್ಟಿ ಕಟ್ಟಿ. ಇಲ್ಲವಾದರೆ ಸುಮ್ನೆ ಒಂದು ಡ್ರಮ್ ತಂದು ಜೂನ್‌ನಲ್ಲಿ ಜೀವಾಮೃತ ಶುರು ಮಾಡಿ.